ತೂಕದ ಮಾತು, ಭಾಗ 4: ಕ್ವಿಂಟಾಲಿಗೆ ಎರಡೇ ಕಿಲೋ?

ಕ್ವಿಂಟಾಲ್ ಅಂದ್ರ 100 ಕಿಲೋ, ಹತ್ತು ಕ್ವಿಂಟಾಲ್ ಅಂದ್ರ ಒಂದು ಟನ್. ಇದು ನಿಮಗೂ ಗೊತ್ತು. ಆದ್ರ ಮಾಲು ಮಾರುವಾಗ "ಕ್ವಿಂಟಾಲಿಗೆ ಎರಡೇ ಕಿಲೋ, ಕಸ-ಧೂಳಿಗೆ" ಅಂತ ಮುರಕೊಳ್ತಾರಲ್ಲ, ಅದರ ಲೆಕ್ಕ ಹಾಕೀರೇನು?

ತೊಗರಿಗೆ 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿ, ಅಂದ್ರ ಕಿಲೋಕ್ಕ 80. ಎರಡು ಕಿಲೋ ಹೋದ್ರ 160. ಇಪ್ಪತ್ತು ಕ್ವಿಂಟಾಲಿಗೆ 3,200! ನಮ್ಮ ಮನಿಯಾಗ ಅದು ನನ್ನ ಪುಸ್ತಕದ ರೊಕ್ಕ. ಅಪ್ಪ "ಇರಲಿ ಬಿಡು, ಎಲ್ಲಾರಿಗೂ ಹಂಗ" ಅಂತಾನ. ನನಗ ಬಿಡಾಕ ಮನಸಾಗೂದಿಲ್ಲ.

ತಿಕೋಟಾ, ಬಬಲೇಶ್ವರ ಕಡೆಯವರು ಇನ್ನೊಂದು ನೋಡ್ರಿ. ಸುಮಾರು 4 ಕಿಲೋ ಹಸಿ ದ್ರಾಕ್ಷಿ ಒಣಗಿದ್ರ 1 ಕಿಲೋ ಒಣದ್ರಾಕ್ಷಿ. ಅದರಾಗ ಎರಡು ಕಿಲೋ ಮುರಿದ್ರ, ಬಳ್ಳಿಯ ಮ್ಯಾಲಿನ ಎಂಟು ಕಿಲೋ ಹಣ್ಣು ಹೋದಂಗ.

ನೂರರ ಬಾಜೂಕ ಕುಂತಾಗ ಎರಡು ಸಣ್ಣದು ಕಾಣ್ತದ. ಬಿಕಾಂ ಓದೋ ನಾವು ಅದನ್ನ ಶೇಕಡಾ 2 ಅಂತ ಓದಬೇಕು.

ಮನಿಗೆ ತೂಕದ ಚೀಟಿ ಬಂದ್ರ ನೀವೇ ಓದ್ರಿ: ಒಟ್ಟು ತೂಕ, ಚೀಲದ ತೂಕ, ಮುರಿದದ್ದು, ಉಳಿದದ್ದು. ಚೀಟಿನೇ ಕೊಡದಿದ್ರ ಕೇಳಿ ಇಸ್ಕೊಳ್ರಿ.

ನಿಮ್ಮ ಊರಾಗ ಎಷ್ಟು ಮುರೀತಾರ? ಕಮೆಂಟ್‌ನಾಗ ಬರೀರಿ.