ಬಾಗಳಿಯ ಕಲ್ಲುಗಳಲ್ಲಿ ಪರಲೋಕದ ಲೆಕ್ಕ

ಹರಪನಹಳ್ಳಿಯಿಂದ ಉತ್ತರಕ್ಕೆ ಆರೇಳು ಕಿಲೋಮೀಟರು ಹೋದರೆ ಬಾಗಳಿ. ಹಂಪಿಗೆ ಬರುವ ಪ್ರವಾಸಿಗರ ಪೈಕಿ ಇತ್ತ ತಲೆ ಹಾಕುವವರು ಕಡಿಮೆ. ಬಂದವರೂ ಕಲ್ಲೇಶ್ವರ ದೇವಾಲಯದ ಸಭಾಮಂಟಪದಲ್ಲಿ ಐವತ್ತು ಕಂಬಗಳನ್ನು ಎಣಿಸಿ, ಹೊರಗಿನ ಮಿಥುನ ಶಿಲ್ಪಗಳನ್ನು ಕಂಡು ಮುಸಿಮುಸಿ ನಕ್ಕು, ಒಂದೆರಡು ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಶಾಸನಗಳ ಮುಂದೆ ನಿಲ್ಲುವ ತಾಳ್ಮೆ ಯಾರಿಗಿದೆ? ಆದರೆ ಬಾಗಳಿಯ ನಿಜವಾದ ಆಸ್ತಿ ಅವೇ.

ಈ ದೇವಾಲಯದ ಆವರಣದಲ್ಲಿ 10 ಮತ್ತು 11ನೆಯ ಶತಮಾನಗಳ ಮೂವತ್ತಾರು ಹಳಗನ್ನಡ ಶಾಸನಗಳು ದೊರೆತಿವೆ. ಊರಿನ ಹೆಸರು ಅವುಗಳಲ್ಲಿ 'ಬಲ್ಗಳಿ'. ರಾಷ್ಟ್ರಕೂಟರ ಕಾಲದಲ್ಲಿ ಆರಂಭವಾದ ಕಟ್ಟಡ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬೆಳೆಯಿತು. ಚಾಲುಕ್ಯ ದೊರೆ ಎರಡನೆಯ ತೈಲಪನ ಕಾಲದ ಕ್ರಿ.ಶ. 987ರ ಶಾಸನವು ಕಲಿದೇವನ ಗುಡಿಯನ್ನು ಕಟ್ಟಿಸಿದವನು ದುಗ್ಗಿಮಯ್ಯ ಎಂದೂ, ಅಲ್ಲಿ ಸೂರ್ಯನನ್ನು ಪ್ರತಿಷ್ಠಾಪಿಸಿದವನು ಆದಿತ್ಯವರ್ಮ ಎಂದೂ ತಿಳಿಸುತ್ತದೆ. ಪಕ್ಕದಲ್ಲೇ ನರಸಿಂಹನಿಗೂ ಒಂದು ಪ್ರತ್ಯೇಕ ಗುಡಿ ಇದೆ. ಆರನೆಯ ವಿಕ್ರಮಾದಿತ್ಯನ ಕಾಲದ ಶಾಸನಗಳೂ ಇವೆ. ಒಬ್ಬರು ಭೂಮಿ ಕೊಟ್ಟರು, ಇನ್ನೊಬ್ಬರು ಎಣ್ಣೆ, ಮತ್ತೊಬ್ಬರು ಹಣ. ಓದುತ್ತ ಹೋದರೆ ಇದು ಒಂದು ಊರಿನ ಖಾತೆ ಪುಸ್ತಕದಂತಿದೆ. ಕಾಗದದ ಬದಲು ಕಲ್ಲು, ಅಷ್ಟೇ.

ಖಾತೆ ಬರೆದವರಿಗೆ ಒಂದು ಚಿಂತೆ ಇತ್ತು. ಕೊಟ್ಟ ದೊರೆ ಸಾಯುತ್ತಾನೆ, ರಾಜ್ಯ ಕೈ ಬದಲಾಗುತ್ತದೆ, ನೆರೆಹೊಲದವನ ನೇಗಿಲು ವರ್ಷಕ್ಕೊಂದು ಗೆರೆ ಈಚೆಗೆ ಬರುತ್ತದೆ. ದೇವರ ದೀಪಕ್ಕೆಂದು ಬಿಟ್ಟ ಎಣ್ಣೆಯನ್ನು ನೂರು ವರ್ಷದ ಮೇಲೆ ಕಾಯುವವರು ಯಾರು? ಕನ್ನಡ ನಾಡಿನ ದಾನಶಾಸನಗಳು ಇದಕ್ಕೆ ಕಂಡುಕೊಂಡ ಉಪಾಯವೇ ಕೊನೆಯ ಸಾಲುಗಳ ಶಾಪಾಶಯ. ತಾನು ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ದಾನದ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪ ಅವನಿಗೆ ಸುತ್ತಿಕೊಳ್ಳುತ್ತದೆ. ಕಾಪಾಡಿದವನಿಗೆ ಅಷ್ಟೇ ಹಸುಗಳನ್ನು ದಾನ ಮಾಡಿದ ಪುಣ್ಯ. ಈ ಪದ್ಧತಿ ಬಹಳ ಹಳೆಯದು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲೇ ದಾನವನ್ನು ಅಳಿದವನಿಗೆ ಮಹಾಪಾತಕದ ಎಚ್ಚರಿಕೆ ಇದೆ. ಅಂದರೆ ಕನ್ನಡದ ಬರವಣಿಗೆ ಕಣ್ಣು ಬಿಟ್ಟಾಗಲೇ ನರಕದ ಭಯವೂ ಜೊತೆಗಿತ್ತು.

ಪರಲೋಕದ ಶಿಕ್ಷೆಗಳ ಮಾತು ಬಂದರೆ ಜಗತ್ತಿನ ಸಾಹಿತ್ಯ ಬಲ್ಲವರಿಗೆ ನೆನಪಾಗುವ ಹೆಸರು ಇಟಲಿಯ ಡಾಂಟೆ. ಬಾಗಳಿಯ ಗುಡಿ ಎದ್ದು ಮುನ್ನೂರು ವರ್ಷವಾದ ಮೇಲೆ, ನರಕ, ಶುದ್ಧೀಕರಣ ಲೋಕ, ಸ್ವರ್ಗ ಎಂಬ ಮೂರು ಭಾಗಗಳ, ನೂರು ಸರ್ಗಗಳ 'ಡಿವೈನ್ ಕಾಮಿಡಿ' ಬರೆದ ಕ್ರೈಸ್ತ ಕವಿ ಅವನು. ಕಾವ್ಯದ ಹಿಂದೆ ಇದ್ದದ್ದು ಭಕ್ತಿ ಮಾತ್ರವಲ್ಲ, ಊರ ರಾಜಕೀಯ. 1265ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿದ ಡಾಂಟೆ ಅಲ್ಲಿನ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ಊರು ಕಪ್ಪು ಪಕ್ಷ, ಬಿಳಿ ಪಕ್ಷ ಎಂದು ಎರಡು ಹೋಳಾಗಿತ್ತು. ಪೋಪ್ ಎಂಟನೆಯ ಬೊನಿಫೇಸನ ಬೆಂಬಲದಿಂದ ಕಪ್ಪು ಪಕ್ಷ ಗೆದ್ದಿತು. ಬಿಳಿ ಪಕ್ಷದ ಡಾಂಟೆಯ ಮೇಲೆ 1302ರ ಜನವರಿಯಲ್ಲಿ ಸರ್ಕಾರಿ ಹುದ್ದೆಯಲ್ಲಿ ಹಣ ತಿಂದ ಆರೋಪ ಹೊರಿಸಿ, ದಂಡ ಹಾಕಿ ಗಡೀಪಾರು ಮಾಡಲಾಯಿತು. ಮಾರ್ಚಿಯಲ್ಲಿ ಇನ್ನೊಂದು ತೀರ್ಪು: ಸಿಕ್ಕಿದರೆ ಜೀವಂತ ಸುಡುವುದು. ಅವನು ಮತ್ತೆ ಊರು ನೋಡಲಿಲ್ಲ. 1321ರಲ್ಲಿ ರವೆನ್ನಾದಲ್ಲಿ ತೀರಿಕೊಂಡ. ಫ್ಲಾರೆನ್ಸಿನ ನಗರಸಭೆ ಆ ಶಿಕ್ಷೆಯನ್ನು ರದ್ದುಪಡಿಸುವ ಠರಾವು ಮಾಡಿದ್ದು 2008ರಲ್ಲಿ! ನಮ್ಮ ಕಚೇರಿಗಳ ಕಡತಗಳು ನಿಧಾನ ಎಂದು ಗೊಣಗುವವರು ಇದನ್ನು ನೆನಪಿಡಬೇಕು.

ತನ್ನ ಮೇಲೆ ಹೊರಿಸಿದ ಅಪರಾಧಕ್ಕೇ ಅವನು ನರಕದಲ್ಲಿ ಒಂದು ಕಂದಕ ತೋಡಿಟ್ಟ. ಸಾರ್ವಜನಿಕ ಹುದ್ದೆಯನ್ನು ಮಾರಿಕೊಂಡವರು ಅಲ್ಲಿ ಕುದಿಯುವ ಡಾಂಬರಿನಲ್ಲಿ ಮುಳುಗೇಳುತ್ತಾರೆ. ತಲೆ ಎತ್ತಿದರೆ ದೆವ್ವಗಳು ಕೊಕ್ಕೆಯಿಂದ ತಿವಿಯುತ್ತವೆ. ಧರ್ಮದ ಅಧಿಕಾರವನ್ನು ದುಡ್ಡಿಗೆ ಮಾರಿದ ಪೋಪ್ ಮೂರನೆಯ ನಿಕೋಲಸನನ್ನು ತಲೆಕೆಳಗಾಗಿ ಕಲ್ಲಿನ ಕುಳಿಯಲ್ಲಿ ತುರುಕಿದ್ದಾನೆ, ಅಂಗಾಲಿಗೆ ಬೆಂಕಿ. ಕಾವ್ಯದ ಯಾತ್ರೆ ನಡೆಯುವುದು 1300ರಲ್ಲಿ. ಆಗ ಬೊನಿಫೇಸ್ ಇನ್ನೂ ಬದುಕಿದ್ದ. ಬದುಕಿರುವವನನ್ನು ನರಕಕ್ಕೆ ಹಾಕುವುದು ಹೇಗೆ? ಹೆಜ್ಜೆ ಸಪ್ಪಳ ಕೇಳಿದ ನಿಕೋಲಸ್, ಬಂದವನು ಬೊನಿಫೇಸನೇ ಎಂದು ತಪ್ಪು ತಿಳಿದು, ಇಷ್ಟು ಬೇಗ ಬಂದೆಯಾ ಎಂದು ಕೇಳುತ್ತಾನೆ. ಹೀಗೆ ಸೀಟು ಕಾಯ್ದಿರಿಸಿಯೂ ಆಯಿತು!

ವಿಜ್ಞಾನ ಓದಿದವರಿಗೆ ಇಷ್ಟವಾಗುವ ಒಂದು ಸಂಗತಿಯೂ ಇದರಲ್ಲಿದೆ. ಡಾಂಟೆಯ ಭೂಮಿ ಗೋಳಾಕಾರದ್ದು, ನರಕ ಅದರ ಕೇಂದ್ರದವರೆಗೆ ಇಳಿದ ಆಲಿಕೆ. ಕೇಂದ್ರದಲ್ಲಿ ಬೆಂಕಿಯಲ್ಲ, ಮಂಜುಗಡ್ಡೆ. ಅದರಲ್ಲಿ ಸೈತಾನ ಹೂತುಕೊಂಡಿದ್ದಾನೆ. ಕೇಂದ್ರ ದಾಟುವಾಗ ಕವಿಯೂ ಅವನ ಮಾರ್ಗದರ್ಶಿ ವರ್ಜಿಲನೂ ತಲೆ ಇದ್ದ ಕಡೆ ಕಾಲು ಮಾಡಿಕೊಳ್ಳುತ್ತಾರೆ. ಇಳಿಯುತ್ತಿದ್ದವರು ಅಲ್ಲಿಂದ ಹತ್ತತೊಡಗುತ್ತಾರೆ. ನ್ಯೂಟನ್ ಹುಟ್ಟುವ ಮುನ್ನೂರು ವರ್ಷ ಮೊದಲೇ ಒಬ್ಬ ಕವಿ ಬರೆದದ್ದು ಇದು. ಈ ನರಕದ ಆಕಾರ, ಅಳತೆಗಳ ಬಗ್ಗೆ 1588ರಲ್ಲಿ ಫ್ಲಾರೆನ್ಸಿನಲ್ಲಿ ಎರಡು ಉಪನ್ಯಾಸ ಕೊಟ್ಟ ತರುಣನ ಹೆಸರು ಗೆಲಿಲಿಯೊ.

ಮತ್ತೆ ಬಾಗಳಿಗೆ ಬರೋಣ. ಡಾಂಟೆ ಲ್ಯಾಟಿನ್ ಬಿಟ್ಟು ಜನರ ಮಾತಿನಲ್ಲಿ ಬರೆದ ಎಂದು ಹೊಗಳುತ್ತಾರೆ, ಸರಿಯೇ. ಆ ಮಾತಿನ ಅತ್ಯಂತ ಹಳೆಯ ದಾಖಲೆಗಳಲ್ಲೊಂದು ಯಾವುದು ಗೊತ್ತೇ? ಕ್ರಿ.ಶ. 960ರಲ್ಲಿ ಕಾಪುವಾ ಊರಿನ ನ್ಯಾಯಾಧೀಶನೆದುರು ನುಡಿದ ಸಾಕ್ಷಿ: ಈ ಗಡಿಯೊಳಗಿನ ಭೂಮಿ ಮೂವತ್ತು ವರ್ಷಗಳಿಂದ ಮಠದ ಸ್ವಾಧೀನದಲ್ಲಿದೆ ಎಂದು. ಬಾಗಳಿಯ ಗುಡಿ ಏಳುತ್ತಿದ್ದ ಕಾಲವೂ ಅದೇ. ಅಲ್ಲೂ ದೇವರ ಹೊಲ, ಇಲ್ಲೂ ದೇವರ ಹೊಲ.

ಆದರೆ ಎರಡು ನರಕಗಳಿಗೂ ವ್ಯತ್ಯಾಸವಿದೆ. ಡಾಂಟೆಯದರಲ್ಲಿ ಬಿದ್ದವನು ಬಿದ್ದ ಹಾಗೆಯೇ, ಬಿಡುಗಡೆ ಇಲ್ಲ. ನಮ್ಮ ಶಾಸನಗಳದು ಅವಧಿಯ ಶಿಕ್ಷೆ. 987ರಲ್ಲಿ ಯಾರಾದರೂ ದತ್ತಿ ನುಂಗಿದ್ದರೆ ಅವನಿಗೆ ಇನ್ನೂ ಹತ್ತಿರಹತ್ತಿರ ಐವತ್ತೊಂಬತ್ತು ಸಾವಿರ ವರ್ಷ ಬಾಕಿ ಇದೆ, ಆದರೂ ಒಂದು ದಿನ ಮುಗಿಯುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದು. ಡಾಂಟೆಯ ನರಕ ಹೆಸರುಗಳಿಂದ ತುಂಬಿದೆ. ಅವನು ಆಗಿಹೋದ ಅನ್ಯಾಯಕ್ಕೆ ಲೆಕ್ಕ ಚುಕ್ತಾ ಮಾಡುತ್ತಿದ್ದ. ಶಾಪಾಶಯದ ನರಕದಲ್ಲಿ ಒಂದು ಹೆಸರೂ ಇಲ್ಲ. ಅದು ಇನ್ನೂ ಹುಟ್ಟದವರಿಗೆ ಬರೆದ ಕಾಗದ. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದೇ ಹೆಚ್ಚಿನದು, ಕೊಟ್ಟವನಿಗೆ ಸ್ವರ್ಗವಾದರೆ ಕಾಯ್ದವನಿಗೆ ಅಳಿವಿಲ್ಲದ ಪದವಿ ಎಂದೂ ಅನೇಕ ಶಾಸನಗಳು ಸೇರಿಸುತ್ತವೆ. ಓದುವವರು ನಾವಾದ್ದರಿಂದ ಈ ಮಾತು ನಮಗೇ ಬಂದು ತಟ್ಟುತ್ತದೆ.

ಸ್ವರ್ಗದ ಚಿತ್ರ ಬೇಕಿದ್ದರೆ ಕನ್ನಡ ನಾಡಿನ ವೀರಗಲ್ಲುಗಳನ್ನು ನೋಡಬೇಕು. ಕೆಳಗಿನ ಪಟ್ಟಿಯಲ್ಲಿ ತುರು ಕಾಯಲು, ಊರು ಉಳಿಸಲು ಹೋರಿ ಸತ್ತವನು. ನಡುವೆ ಅವನನ್ನು ಹೊತ್ತೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗದ ಸನ್ನಿಧಿ. ಮೂರೇ ಪಟ್ಟಿಯಲ್ಲಿ ಯಾತ್ರೆ ಮುಗಿಯಿತು. ನಡುವಿನ ಶುದ್ಧೀಕರಣ ಲೋಕದ ರಗಳೆಯೇ ಇಲ್ಲ.

ಬಾಗಳಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು, 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, ಮತ್ತೆ ಬಳ್ಳಾರಿಗೆ ಮರಳಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಈಗ ಶಾಪಾಶಯದ ಕೆಲಸ ಮಾಡುತ್ತಿರುವುದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ. 1958ರ ಕಾಯ್ದೆಯಂತೆ ಇದು ರಕ್ಷಿತ ಸ್ಮಾರಕ. ಕೆಡಿಸಿದವರಿಗೆ ಮೊದಲು ಮೂರು ತಿಂಗಳ ಸಜೆ ಇತ್ತು. 2010ರ ತಿದ್ದುಪಡಿಯಲ್ಲಿ ಅದು ಎರಡು ವರ್ಷಕ್ಕೆ ಏರಿದೆ, ದಂಡ ಒಂದು ಲಕ್ಷ ರೂಪಾಯಿವರೆಗೆ. ಅರವತ್ತು ಸಾವಿರ ವರ್ಷದ ಮುಂದೆ ಇದು ಯಾವ ಲೆಕ್ಕ!

ನೋಡಲು ಹೋಗುವವರು ಬೆಳಿಗ್ಗೆ ಅಥವಾ ಸಂಜೆ ಹೋಗುವುದು ಒಳ್ಳೆಯದು. ನೆತ್ತಿಯ ಬಿಸಿಲಿನಲ್ಲಿ ಸವೆದ ಅಕ್ಷರ ಕಾಣಿಸುವುದಿಲ್ಲ. ಓರೆಯಾಗಿ ಬೆಳಕು ಬಿದ್ದಾಗ ಪ್ರತಿ ಗೀರಿನ ಒಂದು ಅಂಚಿಗೆ ನೆರಳು ಕಟ್ಟುತ್ತದೆ, ಸಾಲು ಎದ್ದು ಬರುತ್ತದೆ. ಸುಣ್ಣ, ಸೀಮೆಸುಣ್ಣ ಬಳಿದು ಓದುವ ಸಾಹಸ ಬೇಡ. ಒಂದು ಚಿಕ್ಕ ಟಾರ್ಚನ್ನು ಪಕ್ಕದಿಂದ ಹಿಡಿದರೂ ಸಾಕು.