ಟೀವಿಗೊಂದು ಡಬ್ಬಿ

ನಮ್ಮ ಮನೆಯ ಟೀವಿ 2014ರದು. ಚಿತ್ರ ಇನ್ನೂ ನಿಚ್ಚಳವಾಗಿದೆ, ಆದರೆ ಈಗಿನವರ ಮಾತಿನಲ್ಲಿ ಅದು ‘ಸ್ಮಾರ್ಟ್’ ಅಲ್ಲ. ಇಂಟರ್‌ನೆಟ್ಟಿನ ಗಾಳಿ ಅದಕ್ಕೆ ಸೋಕಿಲ್ಲ. ಬಂದವರೆಲ್ಲ ‘ಇನ್ನೂ ಇದನ್ನೇ ಇಟ್ಕೊಂಡಿದೀರಾ?’ ಎಂದು ಕೇಳಿ, ಕಾಫಿ ಕುಡಿದು ಹೋಗುತ್ತಾರೆ. ಕೆಡದೇ ಇರುವ ವಸ್ತುವನ್ನು ಎಸೆಯುವ ವಿದ್ಯೆ ನನಗೆ ಹತ್ತಿಲ್ಲ. ಬೆನ್ನಿಗೊಂದು ಸಣ್ಣ ಡಬ್ಬಿ ಸಿಕ್ಕಿಸಿದರೆ ಹಳೇ ಟೀವಿಯೂ ಸ್ಮಾರ್ಟ್ ಆಗುತ್ತದೆಂದು ಬೆಂಗಳೂರಿನಿಂದ ಮಗ ಫೋನಿನಲ್ಲಿ ಹೇಳಿದ ಮೇಲೆ, ಸರಿ, ತಂದುಬಿಡೋಣ ಎಂದು ತೀರ್ಮಾನವಾಯಿತು. ತೀರ್ಮಾನವಾದ ಮೇಲೆ ಡಬ್ಬಿ ಬಂದು ನಿಲ್ಲುವುದಕ್ಕೆ ಮೂರು ತಿಂಗಳು ಹಿಡಿಯಿತು.

ಯಾಕೆನ್ನುತ್ತೀರೋ? ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೇಕು. ನನ್ನ ಹೆಂಡತಿಯ ತವರು ಸಿದ್ದಾಪುರ. ಅವಳಿಗೆ ಯೂಟ್ಯೂಬಿನ ಯಕ್ಷಗಾನ ದೊಡ್ಡ ಪರದೆಯ ಮೇಲೆ ಬೇಕು. ರಜೆಗೆ ಬರುವ ಮೊಮ್ಮಗನಿಗೆ ಬೊಂಬೆ ಚಿತ್ರ, ಸೊಸೆಗೆ ನೆಟ್‌ಫ್ಲಿಕ್ಸ್. ನನಗೆ ಬೇಕಾದದ್ದು ಒಂದೇ. 1994ರಲ್ಲಿ ಕುವೆಂಪುನಗರದ ಈ ಮನೆಯ ಗೃಹಪ್ರವೇಶವಾದಾಗ ತೆಗೆಸಿದ ಮೂರು ಗಂಟೆಯ ವಿಡಿಯೊ.

ಆ ಕಾಲದ ವಿಡಿಯೊಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಹೆಗಲ ಮೇಲೆ ಕ್ಯಾಮೆರಾ ಹೊತ್ತವನೊಬ್ಬ, ಕಣ್ಣು ಕುಕ್ಕುವ ಲೈಟು ಹಿಡಿದ ಹುಡುಗನೊಬ್ಬ. ಊಟದ ಪಂಕ್ತಿಯಲ್ಲಿ ಬಾಯಿಗೆ ಅನ್ನ ಇಡುವ ಹೊತ್ತಿಗೇ ಲೈಟು ಮುಖಕ್ಕೆ ಬೀಳಬೇಕು. ಆಮೇಲೆ ಸ್ಟುಡಿಯೋದಲ್ಲಿ ಕೂತು ಮನೆಯೊಡೆಯನ ಮುಖವನ್ನು ತಿರುಗುವ ತಾವರೆಯೊಳಗೆ ಕೂರಿಸುವುದು, ಜನರ ಮಾತನ್ನೆಲ್ಲ ಅಳಿಸಿ ಮೇಲೆ ಸಿನಿಮಾ ಹಾಡು ಹಾಕುವುದು. ನಮ್ಮದರಲ್ಲೂ ಮೂರು ಗಂಟೆ ಪೂರ್ತಿ ಹಾಡೇ. ಒಂದು ಹನ್ನೊಂದು ನಿಮಿಷ ಮಾತ್ರ ಪುಣ್ಯಾತ್ಮ ಮರೆತಿದ್ದಾನೆ. ಆ ಹನ್ನೊಂದು ನಿಮಿಷದಲ್ಲಿ ಅಮ್ಮ ಆರತಿಯ ಹಾಡು ಹೇಳುತ್ತಾಳೆ. ಅಮ್ಮ ಹೋಗಿದ್ದು 2001ರಲ್ಲಿ. ಅವಳ ದನಿ ಬೇರೆಲ್ಲೂ ಉಳಿದಿಲ್ಲ.

ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯತೊಡಗಿದಾಗ, 2007ರಲ್ಲಿ, ಅದನ್ನು ಡಿವಿಡಿಗೆ ಇಳಿಸಿದೆವು. ಇಳಿಸಿದ್ದು ಒಳ್ಳೆಯದೇ ಆಯಿತು. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಲೋಕದಲ್ಲಿ ಹೊಸ ವಿಸಿಆರ್ ಹುಟ್ಟುವುದೇ ನಿಂತುಹೋಯಿತು. ಡಿವಿಡಿಯೂ ತೊದಲತೊಡಗಿದಾಗ ಮಗ ಅದನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಟ್ಟ. ಮನೆ ಬದಲಾಯಿಸುತ್ತಲೇ ಇರುವ ಬಾಡಿಗೆದಾರರಂತೆ ಅಮ್ಮ ಒಂದರಿಂದ ಒಂದಕ್ಕೆ ಹೋಗುತ್ತಲೇ ಇದ್ದಳು. ನೋಡುವುದು ಮಾತ್ರ ಆಗಿರಲಿಲ್ಲ.

ಅವಸರ ಬಂದದ್ದು ಅಕ್ಕನಿಂದ. ಅರಸೀಕೆರೆಯಲ್ಲಿರುವ ಅಕ್ಕನಿಗೆ ಈಗ ಎಪ್ಪತ್ತೆಂಟು. ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆ. ಎದುರಿಗೆ ಕೂತವರ ಮುಖ ಮಸುಕು, ಪಕ್ಕದ ಕಿಟಕಿ ಮಾತ್ರ ಸ್ಪಷ್ಟ. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದರು ಡಾಕ್ಟರು. ಇಂಜೆಕ್ಷನ್ನಿಗೆಂದು ಮೈಸೂರಿಗೆ ಬಂದವಳು ಒಂದು ಸಂಜೆ, ‘ಗೃಹಪ್ರವೇಶದ ಕ್ಯಾಸೆಟ್ ಇದೆಯೇನೋ? ಅಮ್ಮನ್ನ, ನಿಮ್ಮ ಭಾವನ್ನ ಒಂದ್ಸಲ ನೋಡ್ಬೇಕಿತ್ತು’ ಎಂದಳು. ಫೋನಿನ ಪರದೆ ಅವಳಿಗೆ ಏನೇನೂ ಸಾಲದು. ಮಗನ ಲ್ಯಾಪ್‌ಟಾಪ್ ಆಫೀಸಿನದು, ಹೊರಗಿನ ಡಿಸ್ಕನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಮ್ಮ ಟೀವಿಗೆ ಪೆನ್ ಡ್ರೈವ್ ಸಿಕ್ಕಿಸುವ ತೂತೇನೋ ಇದೆ, ಆದರೆ ಅದು ಫೋಟೋ, ಹಾಡುಗಳಿಗೆ ಮಾತ್ರ. ಉಳಿದದ್ದು ಡಬ್ಬಿಯೇ.

ಅಮೆರಿಕದಲ್ಲಿರುವ ಅಣ್ಣನ ಮಗ ರೋಕು ತಗೋ ಚಿಕ್ಕಪ್ಪ ಎಂದ. ಈ ವ್ಯಾಪಾರದಲ್ಲಿ ಅದು ಹಿರೀಕ. 2008ರಲ್ಲಿ ನೆಟ್‌ಫ್ಲಿಕ್ಸ್ ನೋಡುವುದಕ್ಕೆಂದೇ ಅದರ ಮೊದಲ ಡಬ್ಬಿ ಬಂತು. ಇಲ್ಲಿನ ಅಂಗಡಿಗಳಲ್ಲಿ ನಾನು ಅದನ್ನು ಕಾಣಲಿಲ್ಲ. ಪಕ್ಕದ ಮನೆಯವರು ಕ್ರೋಮ್‌ಕಾಸ್ಟ್ ಎಂದರು. 2013ರಲ್ಲಿ ಬಂದ ಅದರ ತಯಾರಿಕೆಯನ್ನು ಗೂಗಲ್ 2024ರಲ್ಲಿ ನಿಲ್ಲಿಸಿಬಿಟ್ಟಿತು. ಆಪಲ್ ಟೀವಿಯ ಬೆಲೆ ಹದಿನೈದು ಸಾವಿರದ ಆಸುಪಾಸು ಎಂದು ತಿಳಿದಾಗ ನನ್ನ ಹೆಂಡತಿ, ‘ಆ ದುಡ್ಡಿಗೆ ಮೇಳದವರನ್ನೇ ಮನೆಗೆ ಕರೆಸಬಹುದು’ ಎಂದಳು.

ಮೊದಲು ತಂದದ್ದು ಬೆರಳುದ್ದದ ಸ್ಟಿಕ್. ಯಕ್ಷಗಾನ ಬಂತು, ನೆಟ್‌ಫ್ಲಿಕ್ಸ್ ಬಂತು. ನನ್ನ ಡಿಸ್ಕ್ ಸಿಕ್ಕಿಸೋಣವೆಂದು ಹಿಂದೆ ಮುಂದೆ ತಿರುಗಿಸಿ ನೋಡಿದರೆ, ಅದಕ್ಕಿರುವುದು ಕರೆಂಟಿನ ತೂತು ಒಂದೇ. ಅಂಗಡಿಯ ಹುಡುಗನನ್ನು ಕೇಳಿದೆ.

‘ಸ್ವಂತ ವಿಡಿಯೊನಾ ಸಾರ್? ಯೂಟ್ಯೂಬಿಗೆ ಹಾಕ್ಬಿಡಿ.’

‘ನಮ್ಮನೆ ಆರತಿ ಊರಿಗೆಲ್ಲ ಯಾಕಪ್ಪಾ?’

‘ಬೇರೆಯವರಿಗೆ ಕಾಣದ ಹಾಗೆ ಗುಟ್ಟಾಗಿ ಇಡಬಹುದು ಸಾರ್.’

ಗುಟ್ಟಾಗಿ ಇಟ್ಟರೂ ತೊಂದರೆ ಇದ್ದೇ ಇತ್ತು. ನಮ್ಮ ವಿಡಿಯೊದ ತುಂಬ ಸಿನಿಮಾ ಹಾಡು. ಹಾಡಿನ ಹಕ್ಕುದಾರರ ಪರವಾಗಿ ಯೂಟ್ಯೂಬಿನ ಯಂತ್ರವೇ ಅದನ್ನು ಗುರುತು ಹಿಡಿದು, ವಿಡಿಯೊವನ್ನು ತಡೆಯಬಹುದು ಅಥವಾ ದನಿ ಅಡಗಿಸಬಹುದು. ಯಾರದೋ ಹಾಡಿನ ದೆಸೆಯಿಂದ ಅಮ್ಮನ ಹಾಡಿಗೂ ಕುತ್ತು ಬರುವುದು ಬೇಡವೆನಿಸಿತು.

ಸ್ಟಿಕ್ ವಾಪಸು ಕೊಟ್ಟು ಎರಡನೆಯದನ್ನು ತಂದೆ. ಹೆಸರು ದೆಸೆ ಇಲ್ಲದ ಕಪ್ಪು ಡಬ್ಬಿ, ಸುತ್ತ ಬೇಕಾದಷ್ಟು ತೂತು, ಬೆಲೆಯೂ ಅಗ್ಗ. ಈ ಸಲ ವಿಡಿಯೊವನ್ನು ಪೆನ್ ಡ್ರೈವಿಗೆ ಇಳಿಸಿಕೊಳ್ಳಲು ಹೋದರೆ, 32 ಜೀಬಿಯ ಖಾಲಿ ಡ್ರೈವು 4.4 ಜೀಬಿಯ ಫೈಲಿಗೆ ಜಾಗವಿಲ್ಲ ಎಂದಿತು. ಛತ್ರ ಖಾಲಿಯಿದ್ದೂ ನೆಂಟರನ್ನು ಬಾಗಿಲಲ್ಲಿ ನಿಲ್ಲಿಸಿದ ಹಾಗೆ. ಮಗ ಫೋನಿನಲ್ಲಿ ಕಾರಣ ಹೇಳಿದ: ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಸಿದ್ಧವಾದ ಡ್ರೈವು, ಎಷ್ಟೇ ಜಾಗವಿರಲಿ, 4 ಜೀಬಿ ಮುಟ್ಟಿದ ಫೈಲನ್ನು ಒಂದೇ ತುಂಡಾಗಿ ಒಳಗೆ ಬಿಡುವುದಿಲ್ಲ. ಅವನು ಹೇಳಿದ ಹಾಗೆ ಎಕ್ಸ್‌ಫ್ಯಾಟ್ ಎಂಬ ಪದ್ಧತಿಗೆ ಬದಲಾಯಿಸಿ, ಇಳಿಸಿ, ಡಬ್ಬಿಗೆ ಸಿಕ್ಕಿಸಿದೆ.

ಚಿತ್ರ ಬಂತು. ಹೊಸ ಸುಣ್ಣದ ಗೋಡೆ, ಬಾಗಿಲಿಗೆ ಮಾವಿನ ತೋರಣ, ಅಡುಗೆಯವರಿಗೆ ಏನೋ ಹೇಳುತ್ತಿರುವ ಭಾವ. ಹಾಡೂ ಇಲ್ಲ, ಮಾತೂ ಇಲ್ಲ. ರಿಮೋಟಿನಲ್ಲಿ ಸದ್ದು ಏರಿಸಿದೆ, ಇನ್ನೂ ಏರಿಸಿದೆ. ಮುಂದಕ್ಕೆ ಓಡಿಸಿ ಆರತಿಯ ಹತ್ತಿರ ತಂದೆ. ಅಮ್ಮನ ತುಟಿ ಅಲುಗುತ್ತಿದೆ, ದನಿಯಿಲ್ಲ. ಅಕ್ಕ ಒಳಗೆ ಮಲಗಿದ್ದಳು, ಸದ್ಯ. ಇಳಿಸುವಾಗಲೇ ಎಲ್ಲೋ ದನಿ ಕಳೆದುಹೋಗಿದೆ, ಇಷ್ಟು ವರ್ಷ ನಾವು ನೋಡದೆ ಇಟ್ಟದ್ದೇ ತಪ್ಪು, ಡಿವಿಡಿಯನ್ನೂ ಎಸೆದಾಯಿತು ಎಂದೆಲ್ಲ ಅಂದುಕೊಂಡು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅಕ್ಕ ಕೇಳಿದಾಗ, ‘ಇನ್ನೂ ಕೂಡಿಸ್ತಿದೀನಿ’ ಎಂದು ಸುಳ್ಳು ಹೇಳಿದೆ. ಸಾಲದ್ದಕ್ಕೆ ಅದೇ ಡಬ್ಬಿಯಲ್ಲಿ ನೆಟ್‌ಫ್ಲಿಕ್ಸ್ ಮಂಜು ಮಂಜಾಗಿ ಬರುತ್ತಿತ್ತು. ಒಪ್ಪಿಗೆಯ ಮುದ್ರೆ ಇಲ್ಲದ ಡಬ್ಬಿಗಳಿಗೆ ಅವರು ಸ್ಪಷ್ಟ ಚಿತ್ರ ಕಳಿಸುವುದಿಲ್ಲವಂತೆ, ಕದ್ದು ಇಳಿಸಿಕೊಂಡಾರು ಎಂದು.

ಮಗ ಸಮಾಧಾನ ಮಾಡಿದ. ‘ದನಿ ಎಲ್ಲೂ ಹೋಗಿಲ್ಲಪ್ಪ. ಫೈಲಿನಲ್ಲಿ ಚಿತ್ರ ಬೇರೆ, ದನಿ ಬೇರೆ ಗಂಟು ಕಟ್ಟಿರುತ್ತೆ. ಒಂದೊಂದು ಗಂಟು ಬಿಚ್ಚೋಕೂ ಒಂದೊಂದು ವಿದ್ಯೆ ಬೇಕು. ಡಿವಿಡಿ ಕಾಲದ ದನಿ ಡಾಲ್ಬಿಯವರ ಲೆಕ್ಕದ್ದು. ಲೈಸೆನ್ಸಿನ ದುಡ್ಡು ಉಳಿಸೋಕೆ ಎಷ್ಟೋ ಡಬ್ಬಿಯವರು ಆ ವಿದ್ಯೆ ಹಾಕೋದೇ ಇಲ್ಲ. ವಿಎಲ್‌ಸಿ ಅಂತ ಒಂದಿದೆ, ಅದನ್ನ ಹಾಕಿ ನೋಡು.’ 1996ರಲ್ಲಿ ಪ್ಯಾರಿಸ್ಸಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಶುರುಮಾಡಿದ ಕೆಲಸವಂತೆ ಅದು. 2001ರಿಂದ ಎಲ್ಲರಿಗೂ ಪುಕ್ಕಟೆ. ರಸ್ತೆ ಅಗೆದಾಗ ಇಡುವ ಕಿತ್ತಳೆ ಬಣ್ಣದ ಟೋಪಿಯೇ ಗುರುತು. ಹಳತು ಹೊಸತೆನ್ನದೆ ಬಹುಮಟ್ಟಿಗೆ ಎಲ್ಲ ಗಂಟನ್ನೂ ತಾನೇ ಬಿಚ್ಚುತ್ತದೆ.

ಮೂರನೆಯ ಸಲ ನಾನು ಬುದ್ಧಿ ಕಲಿತಿದ್ದೆ. ಹೆಣ್ಣು ನೋಡಲು ಹೋಗುವವರು ಜಾತಕ ಒಯ್ಯುವಂತೆ ಪೆನ್ ಡ್ರೈವನ್ನು ಜೇಬಿನಲ್ಲಿ ಹಾಕಿಕೊಂಡೇ ಅಂಗಡಿಗೆ ಹೋದೆ. ಡಬ್ಬಿಯವರು ಹೇಳಿಕೊಳ್ಳುವುದೆಲ್ಲ ಹೊಸ ಚಿತ್ರದ ಮಾತು, ನಾಲ್ಕು ಕೆ, ಅಟ್ಮಾಸ್ ಇತ್ಯಾದಿ. ಹೊಸದನ್ನು ಯಾವ ಡಬ್ಬಿಯೂ ತೋರಿಸೀತು. ನಮ್ಮ ಮನೆಯ ಅತ್ಯಂತ ಹಳೆಯ ಫೈಲು ಓಡಿದರೆ ಉಳಿದದ್ದಕ್ಕೆ ಯೋಚನೆಯಿಲ್ಲ. ನೆಟ್‌ಫ್ಲಿಕ್ಸಿನ ಮುದ್ರೆಯೂ ಪೆನ್ ಡ್ರೈವಿನ ತೂತೂ ಎರಡೂ ಇರುವ ಆಂಡ್ರಾಯ್ಡ್ ಡಬ್ಬಿ ತೆಗೆಸಿ, ವಿಎಲ್‌ಸಿ ಹಾಕಿಸಿ, ಇದನ್ನು ಓಡಿಸಪ್ಪ ಎಂದೆ. ಹುಡುಗ ಅದನ್ನು ಅಂಗಡಿಯ ಅತಿ ದೊಡ್ಡ ಟೀವಿಗೆ ಕೂಡಿಸಿದ. ಸುತ್ತ ಹತ್ತಾರು ಪರದೆಗಳಲ್ಲಿ ಹಿಮಾಲಯ, ಕಡಲು, ಬಣ್ಣಬಣ್ಣದ ಗಿಳಿ. ನಡುವೆ ಮಾಸಲು ಬಣ್ಣದ ನಮ್ಮ ಅಂಗಳ, ಆಮೇಲೆ ಅಮ್ಮನ ದನಿ. ನಾನೆಣಿಸಿದ್ದಕ್ಕಿಂತ ಗಟ್ಟಿ ದನಿ, ಸ್ವಲ್ಪ ಮೂಗಿನಿಂದ ಬರುವಂಥದು. ವಾಷಿಂಗ್ ಮೆಷಿನ್ ನೋಡುತ್ತಿದ್ದ ಹೆಂಗಸೊಬ್ಬರು ತಿರುಗಿ ನಿಂತರು. ಹುಡುಗ ಬಿಲ್ಲು ಹಾಕುವುದಕ್ಕೆ ಮೊದಲು, ‘ನಿಮ್ಮ ತಾಯಿನಾ ಸಾರ್?’ ಎಂದ. ನಾನು ತಲೆಯಾಡಿಸಿದೆ.

ಅವತ್ತೇ ಸಂಜೆ ಅಕ್ಕನನ್ನು ಟೀವಿಗೆ ಎರಡಡಿ ಹತ್ತಿರ ಕುರ್ಚಿ ಹಾಕಿ ಕೂರಿಸಿದೆವು. ಚಿತ್ರ ಅಡ್ಡಡ್ಡ ಹಿಗ್ಗಿತ್ತು. ಚೌಕದ ಹಳೇ ಚಿತ್ರವನ್ನು ಅಗಲ ಪರದೆಗೆ ಎಳೆದದ್ದು. ‘ನಿಮ್ಮ ಭಾವಂಗೆ ಇಷ್ಟು ಹೊಟ್ಟೆ ಎಲ್ಲಿತ್ತೋ?’ ಎಂದು ಅಕ್ಕ ಆಕ್ಷೇಪಿಸಿದಳು. ಎಡಬಲಕ್ಕೆ ಕಪ್ಪು ಪಟ್ಟಿ ಬರುವಂತೆ ಸರಿಮಾಡಿದ ಮೇಲೆ ಮುಖ ಓರೆ ಮಾಡಿ, ಕಣ್ಣಂಚಿನಿಂದ ನೋಡುತ್ತ ಕೂತಳು. ಭಾವ ಪಂಕ್ತಿಯಲ್ಲಿ ತುಪ್ಪ ಬಡಿಸಿಕೊಂಡು ಹೋದರು. ಏನೂ ಹೇಳಲಿಲ್ಲ.

ಆರತಿ ಬಂತು. ಎರಡು ಸಾಲು ಆಗುವಷ್ಟರಲ್ಲಿ ಅಕ್ಕ, ‘ನಿಲ್ಲಿಸು’ ಎಂದಳು.

‘ಹಿಂದೆ ಇನ್ನೊಂದು ದನಿ ಕೇಳ್ತಿದ್ಯಲ್ಲ, ಯಾರದು ಹೇಳು?’

ನನಗೆ ಒಂದೇ ದನಿ ಕೇಳಿಸಿತ್ತು. ಹಿಂದಕ್ಕೆ ಓಡಿಸಿ ಮತ್ತೆ ಹಾಕಿದೆ. ಹೌದು, ಅಮ್ಮ ಉಸಿರು ತೆಗೆದುಕೊಳ್ಳುವ ಕಡೆ ಸಣ್ಣದಾಗಿ ಇನ್ನೊಂದು ದನಿ.

‘ನಾನು ಕಣೋ. ಅಮ್ಮಂಗೆ ಆಗಲೇ ದಮ್ಮು. ಬಿಟ್ಟಲ್ಲೆಲ್ಲ ನಾನೇ ಎತ್ತಿಕೊಡ್ತಿದ್ದೆ. ಎಲ್ಲಿದೀನಿ, ಕಾಣ್ತೀನಾ?’

ಹುಡುಕಿದೆ. ಕ್ಯಾಮೆರಾದವನು ಅಮ್ಮನನ್ನು, ಆರತಿ ತಟ್ಟೆಯನ್ನು, ಮತ್ತೆ ಅಮ್ಮನನ್ನು ಹಿಡಿದಿದ್ದಾನೆ. ಅಕ್ಕ ಎಲ್ಲೂ ಇಲ್ಲ.

‘ಕಾಣಲ್ಲ ಅಕ್ಕ.’

‘ಹೋಗ್ಲಿ ಬಿಡು, ಕೇಳ್ತಿದೆಯಲ್ಲ’ ಎಂದು ಕುರ್ಚಿಯನ್ನು ತಾನೇ ಹಿಂದಕ್ಕೆ ಸರಿಸಿಕೊಂಡಳು. ಅಷ್ಟರಲ್ಲಿ ಮೊಮ್ಮಗ ಬಂದು ಬೊಂಬೆ ಚಿತ್ರಕ್ಕೆ ರಾಗ ತೆಗೆದ.

‘ಇನ್ನೊಂದ್ಸಲ ಇದನ್ನ ಹಾಕು ಪುಟ್ಟಾ, ಆಮೇಲೆ ನಿಂದು’ ಎಂದಳು ಅಕ್ಕ. ಅವನು ನನ್ನ ಕೈಯಿಂದ ರಿಮೋಟು ಕಿತ್ತುಕೊಂಡು, ಎಲ್ಲಿ ಒತ್ತಬೇಕೆಂದು ಯಾರನ್ನೂ ಕೇಳದೆ ಒತ್ತಿದ.