ನಿಂತ ಗಾಡಿಯ ಮುನಿಸು

ದುಡಿಯುವ ಯಂತ್ರಕ್ಕಿಂತ ಸುಮ್ಮನೆ ನಿಂತ ಯಂತ್ರವೇ ಬೇಗ ಕೆಡುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿ ತಯಾರಾದ ಎಜ್ಡಿ ಬೈಕುಗಳನ್ನು ಇಂದಿಗೂ ಓಡಿಸುವವರಿಗೆ ಈ ಮಾತು ಚೆನ್ನಾಗಿ ಗೊತ್ತು.

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯ ರೈತರೊಬ್ಬರ ಮನೆಯಲ್ಲಿ ಅಂಥದ್ದೊಂದು ರೋಡ್‌ಕಿಂಗ್ ಇದೆ. ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಅವರಿಗೆ ಹಗಲೂ ರಾತ್ರಿ ಬ್ಯಾರನ್ ಮುಂದೆಯೇ ಕಾವಲು. ಆರು ವಾರ ಗಾಡಿ ಕೊಟ್ಟಿಗೆಯಿಂದ ಕದಲಲಿಲ್ಲ. ಮೈಸೂರಿನ ಹಾಸ್ಟೆಲಿನಿಂದ ದಸರಾ ರಜೆಗೆ ಬಂದ ಮಗ ಇಪ್ಪತ್ತು ಸಲ ಒದ್ದು ಸುಸ್ತಾದ.

'ಗುಜರಿಗೆ ಹಾಕಿಬಿಡಿ ಅಪ್ಪಾಜಿ.'

'ಅದು ನಿಮ್ಮ ತಾತ ತಂದಿದ್ದು ಕಣಪ್ಪ. ಏನಾಗಿದೆ ಅಂತ ಮೊದಲು ನೋಡು.'

ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ವಾರಗಟ್ಟಲೆ ನಿಂತರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಆರಿಹೋಗಿ, ಉಳಿದ ಆಯಿಲ್ ಸಣ್ಣ ರಂಧ್ರಗಳನ್ನು ಕಟ್ಟುತ್ತದೆ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ತಂದೆ ಮಗ ಹಳೆಯ ಪೆಟ್ರೋಲ್ ಇಳಿಸಿದರು, ಕಾರ್ಬ್ಯುರೇಟರ್ ತೊಳೆದರು, ಪ್ಲಗ್ ಬಿಚ್ಚಿ ಮಸಿ ಉಜ್ಜಿದರು, ಹೊಸ ಪೆಟ್ರೋಲಿಗೆ ಆಯಿಲ್ ಬೆರೆಸಿ ಸುರಿದರು. ಎಜ್ಡಿಯಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ಕೀಲಿ ತಿರುಗಿಸದೆ ಅದನ್ನು ನಾಲ್ಕು ಸಲ ಮೆಲ್ಲಗೆ ಒತ್ತಿದರು. ಆಮೇಲೆ ಕೀಲಿ ಹಾಕಿ ಒದ್ದಾಗ ಮೂರನೆಯದಕ್ಕೆ ನೀಲಿ ಹೊಗೆ, ಹಿಂದೆಯೇ ಆ ಗುಡುಗುಡು ಸದ್ದು.

'ಈಗಲೇ ಎಕ್ಸಲೇಟರ್ ತಿರುವಬೇಡ, ಬಿಸಿಯಾಗಲಿ' ಎಂದರು ತಂದೆ. ನಂತರ ಇಬ್ಬರೂ ಹುಣಸೂರಿಗೆ ಹೋಗಿ ಬಂದರು. ಬ್ಯಾಟರಿ ತುಂಬಲು, ಸೈಲೆನ್ಸರಿನ ತೇವ ಆರಲು ಅಷ್ಟಾದರೂ ಓಟ ಬೇಕು.

ಗಾಡಿ ನಿಲ್ಲಿಸುತ್ತಾ ತಂದೆ ಹೇಳಿದರು: 'ಬ್ಯಾರನ್ ಉರಿಯೋವಾಗ ನನಗೆ ಬಿಡುವಿರಲ್ಲ. ಮುಂದಿನ ವರ್ಷ ವಾರಕ್ಕೊಂದು ಸಲ ಬಂದು ನೀನೇ ಓಡಿಸು.'

ಮಗ ತಲೆಯಾಡಿಸಿದ. ಬೈಕಿನ ನೆಪದಲ್ಲಾದರೂ ವಾರಕ್ಕೊಮ್ಮೆ ಮಗನ ಮುಖ ಕಾಣಬಹುದೆಂದು ಒಲೆಯ ಮುಂದಿದ್ದ ತಾಯಿಗೆ ಸಮಾಧಾನ.